ಅಂಗಡಿಯಲ್ಲಿ ಇಟ್ಟ ಸರ ಯಾರದು?

(ಅಕ್ಕಲಕೋಟ ತಾಲೂಕಿನ ಕಲಿಕಾ ಕೇಂದ್ರವೊಂದರಲ್ಲಿ ಸಂಯೋಜಕಿ ಮಾಡಿದ ಭಾಷಣ)

ಇವತ್ತು ಪಾಠದ ಪುಸ್ತಕ ಸ್ವಲ್ಪ ಹೊತ್ತು ಬದಿಗೆ ಇಡೋಣ. ನಿಮ್ಮ ಕೈಯಲ್ಲಿರುವ ಮಣಿಸರದ ಬಗ್ಗೆ ಮಾತಾಡೋಣ.

ನಮ್ಮ ಬಚತ ಗಟದ ಹೆಣ್ಣುಮಕ್ಕಳು ಮಣಿಸರ ಪೋಣಿಸುತ್ತಾರೆ. ಕಿವಿಯೋಲೆ, ಝುಮಕಿ ಮಾಡುತ್ತಾರೆ. ಅಕ್ಕಲಕೋಟಕ್ಕೆ ಸ್ವಾಮಿ ಸಮರ್ಥರ ದರ್ಶನಕ್ಕೆ ದೂರದೂರದ ಜನ ಬರುತ್ತಾರೆ. ಗುರುವಾರ ಬಂತೆಂದರೆ ಗದ್ದಲ ಹೆಚ್ಚು. ಗುಡಿಯ ದಾರಿಯಲ್ಲಿ ಅಂಗಡಿಗಳಿವೆ. ಅಲ್ಲಿ ನಮ್ಮ ಸರ ಇಟ್ಟರೆ ಮಾರಿ ಹೋಗುತ್ತವೆ. ಆದರೆ ಅಂಗಡಿಯವರು ಮೊದಲೇ ದುಡ್ಡು ಕೊಡುವುದಿಲ್ಲ. "ಇಟ್ಟು ಹೋಗ್ರಿ, ಮಾರಿದ ಮ್ಯಾಲೆ ರೊಕ್ಕ ಒಯ್ರಿ" ಅನ್ನುತ್ತಾರೆ. ಮರಾಠಿ ವ್ಯಾಪಾರಸ್ಥರು ಹೀಗೆ ಮಾಲು ಇಡುವುದಕ್ಕೆ ಜಾಂಗಡ ಅನ್ನುತ್ತಾರೆ.

ಇದು ಉದ್ರಿ ಅಲ್ಲ. ಉದ್ರಿ ಕೊಟ್ಟರೆ ಮಾಲು ಅವರದಾಯಿತು, ಅವರು ನಮಗೆ ಸಾಲಗಾರರು. ಜಾಂಗಡದಲ್ಲಿ ಮಾಲು ಮಾರಿ ಹೋಗುವ ತನಕ ನಮ್ಮದೇ. ಮಾರದಿದ್ದರೆ ತಿರುಗಿ ನಮಗೆ ಬರಬೇಕು. ಈ ಒಂದು ಮಾತು ಗಟ್ಟಿಯಾಗಿ ನೆನಪಿಡಿರಿ.

ನನ್ನದೇ ಒಂದು ತಪ್ಪು

ನಾನು ಬಿ.ಎ. ಓದಿದವಳು. ಆದರೂ ತಪ್ಪು ಮಾಡಿದೆ. ಕೆಲವು ವರ್ಷದ ಹಿಂದೆ ಒಂದು ಗಟದ ಹೆಣ್ಣುಮಕ್ಕಳನ್ನು ಕರೆದುಕೊಂಡು ಒಂದು ಅಂಗಡಿಗೆ ಹೋದೆ. 40 ಸರ ಇಟ್ಟೆವು. ಒಂದು ಸರಕ್ಕೆ 150 ರೂಪಾಯಿ ಬೆಲೆ. ನೂರಕ್ಕೆ 30 ರೂಪಾಯಿ ಅಂಗಡಿಯವರ ಕಮಿಷನ್. ಎಲ್ಲ ಬಾಯಿಮಾತು. ಜೊತೆಗಿದ್ದ ಒಬ್ಬ ಅವ್ವ, "ಬಾಯಿ, ಒಂದು ಚೀಟಿ ಬರಸ್ರೆಲ್ಲ" ಅಂದಳು. ಆಕೆಗೆ ಆಗ ಓದಲು ಬರುತ್ತಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. "ಇರಲಿ ಬಿಡವ್ವಾ, ನಾನು ಇದ್ದೇನಲ್ಲ" ಅಂದೆ.

ಮೂರು ತಿಂಗಳ ಮೇಲೆ ಹೋದೆವು. ಅಂಗಡಿಯವರು, "ನೀವು ಕೊಟ್ಟದ್ದು 31 ಸರ" ಅಂದರು. ಅದರಲ್ಲಿ 22 ಮಾರಿದ್ದವು. 9 ತಿರುಗಿ ಕೊಟ್ಟರು. ಗಿರಾಕಿಗೆ ಸರಕ್ಕೆ 20 ರೂಪಾಯಿ ಕಡಿಮೆ ಮಾಡಿದ್ದರಂತೆ. ಅದನ್ನು ನಮ್ಮ ಪಾಲಿನಲ್ಲೇ ಮುರಿದುಕೊಂಡರು. ಮೇಲೆ ತಿಂಗಳಿಗೆ 100 ರೂಪಾಯಿ ಕಪಾಟಿನ ಬಾಡಿಗೆ ಹಿಡಿದರು. ಬಾಡಿಗೆಯ ಮಾತು ನಾವು ಮೊದಲು ಕೇಳಿಯೇ ಇರಲಿಲ್ಲ.

22 ಸರಕ್ಕೆ ನಮಗೆ ಬರಬೇಕಾಗಿದ್ದು 2,310 ರೂಪಾಯಿ. ಕಡಿಮೆ ಮಾಡಿದ್ದು 440, ಬಾಡಿಗೆ 300 ಹೋಯಿತು. ಕೈಗೆ ಬಂದದ್ದು 1,570. ಮಣಿ, ದಾರ, ಕೊಂಡಿಗೆ ನಾವು ಹಾಕಿದ್ದೇ 2,400 ರೂಪಾಯಿ. ಅದೂ ಗಟದ ಸಾಲ. ಕೂಲಿ ಅಂತೂ ಇಲ್ಲವೇ ಇಲ್ಲ.

ಆ ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳಲಾರೆ. ಅವರದೂ ಬಾಯಿ ನೆನಪು, ನಮ್ಮದೂ ಬಾಯಿ ನೆನಪು. ಜಗಳಕ್ಕೆ ಸಾಕ್ಷಿ ಇಲ್ಲ. ಊರಿಗೆ ಬರುವಾಗ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಆ ಅವ್ವ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಲೆ ಹೇಗೆ ಕಟ್ಟಬೇಕು?

ಒಂದು ಸರಕ್ಕೆ ಸಾಮಾನು 60 ರೂಪಾಯಿ. ನಮ್ಮ ಕೂಲಿ 40. ಒಟ್ಟು 100. ಕಮಿಷನ್ ನೂರಕ್ಕೆ 30. ಹಾಗಾದರೆ ಬೆಲೆ 130 ಇಟ್ಟರೆ ಸಾಕೇ? ಬಹಳ ಜನ ಹೌದು ಅನ್ನುತ್ತಾರೆ. ಸಾಲದು! ಕಮಿಷನ್ ಹಿಡಿಯುವುದು ನಮ್ಮ ಖರ್ಚಿನ ಮೇಲೆ ಅಲ್ಲ, ಮಾರಿದ ಬೆಲೆಯ ಮೇಲೆ. 130 ರೂಪಾಯಿಗೆ ಕಮಿಷನ್ 39. ನಮಗೆ ಉಳಿಯುವುದು 91. ಒಂದು ಸರಕ್ಕೆ 9 ರೂಪಾಯಿ ಲುಕ್ಸಾನು.

150 ಇಟ್ಟರೆ ಕಮಿಷನ್ 45. ನಮಗೆ 105. ಖರ್ಚು ಹೋಗಿ 5 ರೂಪಾಯಿ ಉಳಿಯಿತು. ಅದು ಬಸ್ ಖರ್ಚಿಗೆ ಸರಿಹೋಗುತ್ತದೆ. 160 ಇಟ್ಟರೆ ನಮಗೆ 112. ಈಗ ಸ್ವಲ್ಪ ಲಾಭ. ಆದ್ದರಿಂದ ಮೊದಲು ಕಮಿಷನ್ ಕೇಳಿರಿ, ಆಮೇಲೆ ಬೆಲೆ ಕಟ್ಟಿರಿ.

ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡಬೇಡಿರಿ. "ಮನೆಯಲ್ಲಿ ಕೂತು ಮಾಡಿದ್ದಲ್ಲ" ಅನ್ನಬೇಡಿರಿ. ಮನೆಯಲ್ಲಿ ಕೂತು ಮಾಡಿದರೂ ಕಣ್ಣು ನೋಯುತ್ತದೆ, ಬೆರಳು ನೋಯುತ್ತದೆ.

ಇಡುವ ಮೊದಲು ಕೇಳುವ ಮಾತು

1. ಕಮಿಷನ್ ನೂರಕ್ಕೆ ಎಷ್ಟು?
2. ಬೇರೆ ಖರ್ಚು ಏನಾದರೂ ಇದೆಯೇ? ಕಪಾಟಿನ ಬಾಡಿಗೆ, ಡಬ್ಬಿ, ಚೀಲದ ದುಡ್ಡು ಯಾರದು?
3. ಗಿರಾಕಿ ಚೌಕಾಶಿ ಮಾಡಿದರೆ ಎಷ್ಟರ ತನಕ ಕಡಿಮೆ ಮಾಡಬಹುದು? ಆ ಕಡಿತ ಯಾರ ಪಾಲಿನಲ್ಲಿ?
4. ಅಂಗಡಿಯವರು ಬಿಲ್ಲಿನಲ್ಲಿ ಜಿಎಸ್‌ಟಿ ಹಿಡಿಯುತ್ತಾರೆಯೇ? ನಾವು ಹೇಳಿದ ಬೆಲೆಯಲ್ಲಿ ಅದು ಸೇರಿದೆಯೋ, ಬೇರೆಯೋ?
5. ಸರ ಹರಿದರೆ, ಕಳುವಾದರೆ, ಮಳೆಗೆ ತೊಯ್ದು ಕೆಟ್ಟರೆ ನಷ್ಟ ಯಾರದು?
6. ಲೆಕ್ಕ ಯಾವ ದಿನ? ತಿಂಗಳ 5ನೇ ತಾರೀಖು ಅಂದರೆ 5ನೇ ತಾರೀಖು.
7. ಮಾರದ ಮಾಲನ್ನು ಎಷ್ಟು ದಿನಕ್ಕೆ ತಿರುಗಿ ತರಬೇಕು? ಪಾಲಿಶ್ ಹೋದ ಮೇಲೆ ತಂದರೆ ಉಪಯೋಗವಿಲ್ಲ.

ಕೇಳಲು ನಾಚಿಕೆ ಬೇಡ. ಒಳ್ಳೆಯ ವ್ಯಾಪಾರಸ್ಥರು ಇದಕ್ಕೆ ಸಿಟ್ಟಾಗುವುದಿಲ್ಲ. ಅವರಿಗೂ ಲೆಕ್ಕ ಸ್ಪಷ್ಟ ಇದ್ದರೆ ತಲೆನೋವು ಕಡಿಮೆ. ಮೊದಲ ಸಲ 10 ಸರ ಮಾತ್ರ ಇಡಿರಿ. ಲೆಕ್ಕ ಸರಿ ಬಂದರೆ ಹೆಚ್ಚು ಇಡಬಹುದು.

ಚೀಟಿ ಹೇಗಿರಬೇಕು?

ಚೀಟಿಯಲ್ಲಿ ತಾರೀಖು ಇರಬೇಕು. ಎಷ್ಟು ಸರ, ಯಾವ ಬಣ್ಣ, ಒಂದರ ಬೆಲೆ, ಕಮಿಷನ್, ಲೆಕ್ಕದ ದಿನ ಇರಬೇಕು. "ಮಾರುವ ತನಕ ಮಾಲು ಗಟದ್ದು" ಅಂತ ಒಂದು ಸಾಲು ಇರಬೇಕು. ಕೆಳಗೆ ಇಬ್ಬರ ಸಹಿ. ಒಂದು ಚೀಟಿ ಅವರಿಗೆ, ಒಂದು ನಮಗೆ. ಮಾಲಿನ ಫೋಟೋ ಮೊಬೈಲಿನಲ್ಲಿ ತೆಗೆದಿಡಿರಿ.

ಅಂಗಡಿಯವರು ಚೀಟಿಯನ್ನು ಮರಾಠಿಯಲ್ಲಿ ಬರೆಯಬಹುದು. ಬರೆಯಲಿ, ಅದು ಇಲ್ಲಿನ ವ್ಯವಹಾರದ ಭಾಷೆ. ಆದರೆ ಅದರ ಕೆಳಗೆ ನೀವು ಕನ್ನಡದಲ್ಲಿ ಬರೆದುಕೊಳ್ಳಿರಿ. ತಿಳಿಯದ ಕಾಗದಕ್ಕೆ ಸಹಿ ಮಾಡಬೇಡಿರಿ. ಓದಿಸಿ ಕೇಳಿರಿ, ಆಮೇಲೆ ಸಹಿ.

ಚಿನ್ನದ ಮಾತು ಬೇರೆ

ಕೆಲವರು ಕಷ್ಟ ಬಂದಾಗ ಮನೆಯ ಹಳೆಯ ಒಡವೆಯನ್ನೂ ಅಂಗಡಿಯಲ್ಲಿ ಇಟ್ಟು, "ಗಿರಾಕಿ ಸಿಕ್ಕರೆ ಮಾರಿ ಕೊಡ್ರಿ" ಅನ್ನುತ್ತಾರೆ. ಹೀಗೆ ಮಾಡಬೇಡಿರಿ. ಮಣಿಸರ ಹೋದರೆ ನೂರು ರೂಪಾಯಿ ಹೋಯಿತು. ಚಿನ್ನ ಹೋದರೆ ಹೊಲದ ಬೆಳೆ ಹೋದ ಹಾಗೆ.

ಚಿನ್ನಕ್ಕೆ ಕಾನೂನೂ ಇದೆ. 2021ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಜೊತೆ ಆರು ಅಕ್ಷರ-ಅಂಕಿಗಳ ಗುರುತೂ ಇರಬೇಕು. 916 ಅಂತ ಇದ್ದರೆ ಅದು 22 ಕ್ಯಾರೆಟ್. ಅಂದರೆ ಸಾವಿರ ಭಾಗದಲ್ಲಿ 916 ಭಾಗ ಶುದ್ಧ ಚಿನ್ನ. ನಮ್ಮ ಹಳೆಯ ಒಡವೆಗೆ ಈ ಗುರುತು ಇಲ್ಲದಿದ್ದರೂ ಅಂಗಡಿಯವರು ನಮ್ಮಿಂದ ಕೊಳ್ಳಬಹುದು. ಆದರೆ ಹಾಲ್‌ಮಾರ್ಕ್ ಕಡ್ಡಾಯ ಇರುವ ಅಂಗಡಿಯವರು ಗುರುತಿಲ್ಲದ ಒಡವೆಯನ್ನು ಹಾಗೆಯೇ ಮತ್ತೊಬ್ಬರಿಗೆ ಮಾರುವಂತಿಲ್ಲ. ಆದ್ದರಿಂದ ಮಾರಲೇಬೇಕಾದರೆ ನೇರವಾಗಿ ಮಾರಿರಿ. ನಿಮ್ಮ ಕಣ್ಣೆದುರು ತೂಗಿಸಿರಿ. ಹರಳಿನ ತೂಕ, ಕರಗಿಸಿದರೆ ಆಗುವ ಕಡಿತ ಎಷ್ಟೆಂದು ಕೇಳಿರಿ. ಎರಡು-ಮೂರು ಅಂಗಡಿ ತಿರುಗಿರಿ. ರಸೀದಿ ತೆಗೆದುಕೊಳ್ಳಿರಿ.

ಕೊನೆಯ ಮಾತು

ಆ ಅವ್ವ ಮುಂದಿನ ವರ್ಷ ನಮ್ಮ ಕೇಂದ್ರಕ್ಕೆ ಕಲಿಯಲು ಬಂದಳು. ಮೊದಲು ಅಂಕಿ ಕಲಿತಳು, ಆಮೇಲೆ ಅಕ್ಷರ. ಈಗ ಗಟದ ಚೀಟಿ ಬರೆಯುವವಳು ಆಕೆಯೇ. ಮೊನ್ನೆ ಬೇರೆ ಅಂಗಡಿಯಲ್ಲಿ ಲೆಕ್ಕದ ದಿನ ನಾನೂ ಜೊತೆಗಿದ್ದೆ. ಅಂಗಡಿಯವರು, "ಹನ್ನೆರಡು ಮಾರ್ಯಾವ" ಅಂದರು. ಅವ್ವ ಸೊಂಟದ ಚೀಲದಿಂದ ಚೀಟಿ ತೆಗೆದಳು. ಬೆರಳಿಟ್ಟು ಓದಿದಳು. "ಇಟ್ಟಿದ್ದು ಇಪ್ಪತ್ತು. ಈಗ ಇಲ್ಲಿ ಉಳಿದಿದ್ದು ಆರು. ಹದಿನಾಲ್ಕು ಮಾರ್ಯಾವ ನೋಡ್ರಿ" ಅಂದಳು. ಅವರು ತಮ್ಮ ವಹಿ ನೋಡಿದರು. "ಹೌದವ್ವಾ, ಎರಡು ಬರೆಯೋದು ಮರೆತೆ" ಅಂತ ನಕ್ಕು ದುಡ್ಡು ಕೊಟ್ಟರು. ಜಗಳ ಆಗಲಿಲ್ಲ. ಚಹಾ ಕುಡಿದು ಬಂದೆವು.

ಬಸ್ಸಿನಲ್ಲಿ ಆಕೆ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ತಪ್ಪಿದ್ದರ ಹೇಳ್ರಿ ಬಾಯಿ" ಅಂದಳು. ನಾನು ಎರಡು ಸಲ ಓದಿದೆ. ಒಂದೂ ತಪ್ಪು ಇರಲಿಲ್ಲ.

ಲೆಕ್ಕ ಮಾಡಿ ನೋಡಿ: ಒಂದು ಜೋಡಿ ಝುಮಕಿಗೆ ಸಾಮಾನು 30 ರೂಪಾಯಿ, ಕೂಲಿ 30 ರೂಪಾಯಿ. ಕಮಿಷನ್ ನೂರಕ್ಕೆ 25. 80 ರೂಪಾಯಿಗೆ ಮಾರಿದರೆ ಕಮಿಷನ್ ಎಷ್ಟು? ನಿಮಗೆ ಉಳಿಯುವುದು ಎಷ್ಟು? ಬಸ್ ಖರ್ಚು ಎಲ್ಲಿಂದ ಬರಬೇಕು?