ಕಳೆದ ಆಡು ಮತ್ತು ನಮ್ಮ ಕೈಯಲ್ಲಿರುವ ಡಂಗುರ

(ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣ)



ಹೋದ ವರ್ಷ ವನದುರ್ಗದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯ ಆಡು ಕಾಣೆಯಾಯಿತು. ಮರಿಯಿದ್ದಾಗಿನಿಂದ ಅವನೇ ಸಾಕಿದ ಆಡು. ಅವನ ಅಣ್ಣ ವಾಟ್ಸ್ಆಪ್‌ನಲ್ಲಿ ಫೋಟೊ ಹಾಕಿದ. ಎರಡು ಗುಂಪು ದಾಟುವಷ್ಟರಲ್ಲಿ "ಆಡು ಕಳೆದಿದೆ" ಎಂಬುದು "ಆಡು ಕಳವಾಗಿದೆ" ಎಂದಾಯಿತು. ಮೂರನೆಯ ಗುಂಪಿನಲ್ಲಿ ಊರ ಹೊರಗೆ ಬೀಡುಬಿಟ್ಟಿದ್ದ ಕುರಿಗಾರರ ಮೇಲೆ ಸಂಶಯವೂ ಸೇರಿತು. ಪೂರ್ತಿ ಓದದೆ ನಾನೂ ಅದನ್ನು ಮುಂದಕ್ಕೆ ಕಳಿಸಿದೆ. ಸಂಜೆ ಒಬ್ಬ ಕುರಿಗಾರನೇ ಆಡಿಗೆ ಹಗ್ಗ ಕಟ್ಟಿ ಊರೊಳಗೆ ತಂದು, "ನಮ್ಮ ಹಿಂಡಿನಾಗ ಸೇರ್ಕೊಂಡಿತ್ರಿ, ಯಾರದ್ರಿ ಇದು?" ಎಂದು ಕೇಳಿದ. ಹುಡುಗ ಆಡನ್ನು ತಬ್ಬಿಕೊಂಡ. ನಾನು ತಲೆ ತಗ್ಗಿಸಿ ನಿಂತೆ.

ಇದು ಸಣ್ಣ ತಪ್ಪಲ್ಲ. 2018ರ ಜುಲೈ 13ರಂದು ನಮ್ಮದೇ ಭಾಗದ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆಪ್ ವದಂತಿ ನಂಬಿದ ಜನ ಹೈದರಾಬಾದಿನ ಒಬ್ಬ ಯುವ ಇಂಜಿನಿಯರನ್ನು ಹೊಡೆದು ಕೊಂದರು. ಆ ಗೆಳೆಯರ ಗುಂಪು ಮಕ್ಕಳಿಗೆ ಚಾಕಲೇಟ್ ಕೊಟ್ಟಿತ್ತು, ಅಷ್ಟೆ. ಅದೇ ತಿಂಗಳು ವಾಟ್ಸ್ಆಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಪ್ರಕಟಿಸಿತು.

ಹಾಗೆಂದು ಈ ಸಾಧನವೇ ಕೆಟ್ಟದ್ದಲ್ಲ. 2022ರ ಜುಲೈನಲ್ಲಿ ತುಮಕೂರಿನ ಒಂದು ಕುಟುಂಬದ 'ರುಸ್ತುಮ' ಎಂಬ ಆಫ್ರಿಕನ್ ಬೂದು ಗಿಳಿ ಹಾರಿಹೋಯಿತು. ಅವರು ಭಿತ್ತಿಪತ್ರ ಅಂಟಿಸಿದರು, ಜಾಲತಾಣದಲ್ಲಿ ಸುದ್ದಿ ಹರಡಿದರು, 50,000 ರೂಪಾಯಿ ಬಹುಮಾನ ಸಾರಿದರು. ಗಿಳಿ ಸಿಕ್ಕಿತು. ತಂದುಕೊಟ್ಟವರಿಗೆ 85,000 ರೂಪಾಯಿ ಕೊಟ್ಟರು. ಅಲ್ಲಿ ಯಾರನ್ನೂ ದೂರದೆ, ಗಿಳಿಯನ್ನಷ್ಟೇ ಹುಡುಕಿದರು.

ಸಿಕ್ಕ ವಸ್ತುವಿನ ಬಗ್ಗೆ ಪ್ರವಾದಿ ಮುಹಮ್ಮದ್(ಸ) ಕಲಿಸಿದ ಕ್ರಮ ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಅದರ ಚೀಲ ಮತ್ತು ಕಟ್ಟಿದ ದಾರವನ್ನು ಗುರುತಿಟ್ಟುಕೊಂಡು, ಒಂದು ವರ್ಷ ಜನರಿಗೆ ತಿಳಿಸಬೇಕು. ಗುರುತು ಏಕೆ? ಕೇಳಿ ಬಂದವನು ನಿಜವಾದ ಒಡೆಯನೇ ಎಂದು ಪರೀಕ್ಷಿಸಲು. ಕಳೆದದ್ದನ್ನು ಮಸೀದಿಯೊಳಗೆ ಕೂಗಿ ಕೇಳುವುದಕ್ಕೆ ಮಾತ್ರ ತಡೆಯಿದೆ. ಅದು ಇಬಾದತ್ತಿನ ಜಾಗ. ಅಂದಿನ ಸಂತೆ, ಬೀದಿಗಳ ಕೆಲಸವನ್ನು ಇಂದು ಮೊಬೈಲ್ ಮಾಡುತ್ತಿದೆ.

ಆದ್ದರಿಂದ ವಿದ್ಯಾರ್ಥಿಗಳೇ, ಮೊದಲು ಸುತ್ತಮುತ್ತಲ ಹಿಂಡು, ಹಿತ್ತಲು, ಕೊಂಡವಾಡೆ ನೋಡಿ. ಆಮೇಲೆ ಸ್ಪಷ್ಟ ಫೋಟೊ, ಜಾಗ, ದಿನ, ಒಂದು ಫೋನ್ ನಂಬರ್ ಹಾಕಿ. ಒಂದು ಗುರುತನ್ನು ಮಾತ್ರ ಬಚ್ಚಿಡಿ. ಕಿವಿಗೆ 12 ಅಂಕಿಯ ಟ್ಯಾಗ್ ಇದ್ದರೆ ಆ ಸಂಖ್ಯೆ ನಿಮ್ಮಲ್ಲೇ ಇರಲಿ. ಸಿಕ್ಕಿದೆ ಎಂದವರು ಅದನ್ನು ಓದಿ ಹೇಳಲಿ. ಪ್ರಾಣಿಯನ್ನು ಕಣ್ಣಾರೆ ಕಾಣುವ ಮೊದಲು ಯಾರಿಗೂ ಹಣ ಕಳಿಸಬೇಡಿ. "ಕಾಣೆಯಾಗಿದೆ" ಎಂದಷ್ಟೇ ಬರೆಯಿರಿ. ಕಳವಿನ ಅನುಮಾನವಿದ್ದರೆ ಪೊಲೀಸ್ ಠಾಣೆಗೆ ಹೋಗಿ, ಗುಂಪಿಗೆ ಬೇಡ. ಸಿಕ್ಕ ಮೇಲೆ "ಸಿಕ್ಕಿದೆ" ಎಂದು ಹಾಕುವುದನ್ನೂ ಮರೆಯಬೇಡಿ.

ಮರುದಿನ ನಾನು ಅದೇ ಗುಂಪುಗಳಲ್ಲಿ ಆಡನ್ನು ತಂದುಕೊಟ್ಟವರು ಯಾರೆಂದು ಬರೆದು, ಕ್ಷಮೆ ಕೇಳಿದೆ. ಮೊದಲಿನ ಸಂದೇಶ ಹೋದಷ್ಟು ದೂರ ಅದು ಹೋಗಲಿಲ್ಲ. ಕಳೆದ ಆಡು ಸಂಜೆಗೆ ಬರಬಹುದು. ಕಳೆದ ಮಾನ ಅಷ್ಟು ಬೇಗ ಬರುವುದಿಲ್ಲ.