ಗಡ್ಡೆಯ ಸಕ್ಕರೆ ಹಸಿವು

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಮೊದಲು ಮರೆಯಾಗುವುದು ಬೆಲ್ಲದ ಡಬ್ಬ. ‘ಗಡ್ಡೆಗೆ ಸಕ್ಕರೇನೇ ಊಟವಂತೆ, ಬಿಟ್ಟರೆ ಒಣಗುತ್ತಂತೆ’ ಎಂದು ನೋಡಲು ಬಂದವರು ಹೇಳಿ ಹೋಗುತ್ತಾರೆ. ಸಿಹಿ ನಿಲ್ಲುತ್ತದೆ, ಆಮೇಲೆ ಅನ್ನ ನಿಲ್ಲುತ್ತದೆ, ಕೊನೆಗೆ ಮುದ್ದೆಯೂ ಅರ್ಧವಾಗುತ್ತದೆ. ಆ ಮಾತಿನ ಮೊದಲರ್ಧ ನಿಜ. ಎರಡನೆಯ ಅರ್ಧ ರೋಗಿಯನ್ನು ಸೊರಗಿಸುತ್ತದೆ. ಈ ಎರಡನ್ನೂ ಬಿಡಿಸಿ ಇಡುವುದು ಈ ಉಪನ್ಯಾಸದ ಉದ್ದೇಶ.

ಮೊದಲರ್ಧವನ್ನು ಕಂಡುಕೊಂಡವರು ಜರ್ಮನಿಯ ಓಟ್ಟೊ ವಾರ್‌ಬರ್ಗ್. 1920ರ ದಶಕದಲ್ಲಿ ಅವರು ಗಡ್ಡೆಯ ತೆಳುವಾದ ಚೂರುಗಳನ್ನು ಕತ್ತರಿಸಿ, ಅವು ಎಷ್ಟು ಗ್ಲೂಕೋಸ್ ತಿನ್ನುತ್ತವೆ, ಎಷ್ಟು ಆಮ್ಲಜನಕ ಬಳಸುತ್ತವೆ ಎಂದು ಅಳೆದರು. ಆರೋಗ್ಯವಂತ ಜೀವಕೋಶ ಗ್ಲೂಕೋಸನ್ನು ಆಮ್ಲಜನಕದ ಜೊತೆ ಪೂರ್ತಿ ಉರಿಸಿ, ಒಂದು ಅಣುವಿನಿಂದ ಸುಮಾರು 30 ಎಟಿಪಿಯಷ್ಟು ಶಕ್ತಿ ಪಡೆಯುತ್ತದೆ. ಗಡ್ಡೆಯ ಕೋಶ ಆಮ್ಲಜನಕ ಸಾಕಷ್ಟಿದ್ದರೂ ಹೆಚ್ಚಿನ ಗ್ಲೂಕೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ ಬಿಸಾಡುತ್ತದೆ. ಅದಕ್ಕೆ ಸಿಗುವುದು ಕೇವಲ 2 ಎಟಿಪಿ. ಹಸಿ ಸೌದೆಯನ್ನು ಹೊಗೆಯಾಡಿಸಿಯೇ ಅಡುಗೆ ಮುಗಿಸಬೇಕೆಂದರೆ ಹೊರೆಗಟ್ಟಲೆ ಸೌದೆ ಬೇಕಲ್ಲವೆ? ಗಡ್ಡೆಯ ಪಾಡೂ ಅದೇ.

ಜೀವಕೋಶದ ಉಸಿರಾಟದ ಯಂತ್ರವೇ ಕೆಟ್ಟಿದೆ, ಅದರಿಂದಲೇ ಕ್ಯಾನ್ಸರ್ ಬರುತ್ತದೆ ಎಂದು ವಾರ್‌ಬರ್ಗ್ ಕೊನೆಯವರೆಗೂ ನಂಬಿದ್ದರು. ಅದು ಹಾಗಲ್ಲ. ಬಹಳಷ್ಟು ಗಡ್ಡೆಗಳಲ್ಲಿ ಆ ಯಂತ್ರ ಚೆನ್ನಾಗಿಯೇ ಇರುತ್ತದೆ. ಬೇಗ ಬೇಗ ಇಬ್ಭಾಗವಾಗುವ ಕೋಶಕ್ಕೆ ಶಕ್ತಿಯಷ್ಟೇ ಸಾಲದು. ಹೊಸ ಡಿಎನ್‌ಎ, ಹೊಸ ಕೊಬ್ಬಿನ ಪೊರೆ ಕಟ್ಟಲು ಸಾಮಗ್ರಿಯೂ ಬೇಕು. ಗ್ಲೂಕೋಸಿನ ಇಂಗಾಲ ಅಲ್ಲಿಗೂ ಹೋಗುತ್ತದೆ.

ಈ ಹಸಿವು ವೈದ್ಯರಿಗೆ ಮೊದಲು ಕಣ್ಣಾಗಿ ಒದಗಿತು. ಗ್ಲೂಕೋಸಿನ ಎರಡನೆಯ ಇಂಗಾಲದ ಬಳಿ ವಿಕಿರಣ ಸೂಸುವ ಫ್ಲೋರಿನ್-18 ಕೂರಿಸಿದರೆ ಅದು ಎಫ್‌ಡಿಜಿ. ರಕ್ತನಾಳಕ್ಕೆ ಚುಚ್ಚಿದರೆ ಗಡ್ಡೆ ಅದನ್ನು ಸಕ್ಕರೆಯೆಂದೇ ನುಂಗುತ್ತದೆ, ಪೆಟ್ ಸ್ಕ್ಯಾನಿನಲ್ಲಿ ಹೊಳೆಯುತ್ತದೆ. 1976ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಇದನ್ನು ಕೊಡಲಾಯಿತು. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಕೊರಟಗೆರೆಯಿಂದ ಹೊರಟವರು ಬೆಂಗಳೂರು ಮುಟ್ಟುವಷ್ಟರಲ್ಲಿ ಅರ್ಧ ಮುಗಿದೇ ಹೋಗಿರುತ್ತದೆ. ಹಾಗಾಗಿ ಇದನ್ನು ತಯಾರಿಸುವ ಸೈಕ್ಲೋಟ್ರಾನ್‌ನಿಂದ ಬಹು ದೂರದ ಊರಿಗೆ ಈ ಸ್ಕ್ಯಾನ್ ಸುಲಭವಾಗಿ ಬಾರದು. ಪರೀಕ್ಷೆಗೆ ಮುಂಚೆ ನಾಲ್ಕಾರು ಗಂಟೆ ಉಪವಾಸ ಇರಿಸುವುದು ಚಿತ್ರ ಸ್ಪಷ್ಟವಾಗಿ ಬರಲೆಂದು, ಅದು ಚಿಕಿತ್ಸೆಯಲ್ಲ. ಹೊಳೆದದ್ದೆಲ್ಲ ಕ್ಯಾನ್ಸರೂ ಅಲ್ಲ. ಕ್ಷಯದ ಗಂಟೂ ಹೊಳೆಯುತ್ತದೆ, ಮಿದುಳಂತೂ ಸದಾ ಹೊಳೆಯುತ್ತದೆ.

ಎಫ್‌ಡಿಜಿಗೆ ಒಬ್ಬ ಸಹೋದರನಿದ್ದಾನೆ: 2-ಡಿಆಕ್ಸಿ-ಡಿ-ಗ್ಲೂಕೋಸ್, ಬಾಯಿಮಾತಿನಲ್ಲಿ 2-ಡಿಜಿ. ಇದರ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಕೋಶ ಇದನ್ನು ಗ್ಲೂಕೋಸೆಂದು ಒಳಗೆ ಬಿಟ್ಟುಕೊಂಡು ಮೊದಲ ಹೆಜ್ಜೆ ದಾಟಿಸುತ್ತದೆ, ಮುಂದಿನ ಹೆಜ್ಜೆಗೆ ಒಯ್ಯಲಾರದೆ ಸಿಕ್ಕಿಕೊಳ್ಳುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನ ಜೀವಭೌತವಿಜ್ಞಾನ ವಿಭಾಗದಲ್ಲಿ ವಿನಯ್ ಜೈನ್, ಬಿ. ಎಸ್. ದ್ವಾರಕಾನಾಥ್ ಮುಂತಾದವರು ಮಿದುಳು ಗಡ್ಡೆಯ ಕೋಶಗಳ ಮೇಲೆ ಇದನ್ನು ಪರೀಕ್ಷಿಸಿದರು. ಅವರ ಲೆಕ್ಕಾಚಾರ ಸೊಗಸಾದುದು. ವಿಕಿರಣ ಬಿದ್ದಾಗ ಎರಡೂ ಬಗೆಯ ಕೋಶಗಳ ಡಿಎನ್‌ಎ ಹರಿಯುತ್ತದೆ. ಅದನ್ನು ರಿಪೇರಿ ಮಾಡಲು ಶಕ್ತಿ ಬೇಕು. ಆರೋಗ್ಯವಂತ ಕೋಶ ಉಸಿರಾಟದಿಂದ ಅದನ್ನು ಹೊಂದಿಸಿಕೊಳ್ಳುತ್ತದೆ. ಸಕ್ಕರೆಯ ದಾರಿಯನ್ನೇ ನೆಚ್ಚಿಕೊಂಡ ಗಡ್ಡೆಯ ಕೋಶಕ್ಕೆ 2-ಡಿಜಿ ಆ ದಾರಿಯನ್ನೇ ಕಟ್ಟುತ್ತದೆ. ಗಡ್ಡೆಯನ್ನು ಉಪವಾಸ ಕೆಡವಿ ಕೊಲ್ಲುವುದಲ್ಲ, ಗಾಯವಾದ ಹೊತ್ತಿನಲ್ಲಿ ಅದರ ಕೈ ಕಟ್ಟುವುದು ಅವರ ಯೋಚನೆ.

ದೆಹಲಿಯ ಡಿಆರ್‌ಡಿಒ ಪ್ರಯೋಗಾಲಯ ಇನ್ಮಾಸ್ ಮತ್ತು ಏಮ್ಸ್ ಸೇರಿ ಇದನ್ನು ಮಿದುಳು ಗಡ್ಡೆಯ ರೋಗಿಗಳಿಗೆ ಕೊಟ್ಟು ನೋಡಿ, 1996ರಲ್ಲಿ ವರದಿ ಮಾಡಿದವು. ದೇಹತೂಕದ ಪ್ರತಿ ಕಿಲೋಗೆ 200 ಮಿಲಿಗ್ರಾಂ, ಅಂದರೆ 50 ಕಿಲೋ ತೂಗುವವರಿಗೆ 10 ಗ್ರಾಂ. ಅದನ್ನು ಕುಡಿಸಿ, ಆಮೇಲೆ ವಿಕಿರಣ. ರೋಗಿಗಳು ತಡೆದುಕೊಂಡರು. ಮುಂದೆ ಪ್ರಮಾಣ ಏರಿಸಿದಾಗ ಕೆಲವರಲ್ಲಿ ಚಡಪಡಿಕೆ ಹೆಚ್ಚಿತು. ಮಿದುಳಿಗೂ ಗ್ಲೂಕೋಸೇ ಮುಖ್ಯ ಆಹಾರವಾದ್ದರಿಂದ ಅದು ಸಹಜ. ಇದೇ ಪುಡಿಯನ್ನು 2021ರ ಮೇ ತಿಂಗಳಲ್ಲಿ ಕೋವಿಡ್ ರೋಗಿಗಳ ತುರ್ತು ಬಳಕೆಗೆ ಒಪ್ಪಿದಾಗ ದೇಶವೆಲ್ಲ ಅದರ ಹೆಸರು ಕೇಳಿತು. ಕ್ಯಾನ್ಸರಿನ ಔಷಧವಾಗಿ ಅದು ಇಂದಿಗೂ ವಾಡಿಕೆಯ ಚಿಕಿತ್ಸೆಗೆ ಬಂದಿಲ್ಲ. ನಮ್ಮದೇ ಪ್ರಯೋಗಾಲಯಗಳಲ್ಲಿ ಬೆಳೆದ ಈ ಕೆಲಸ ದೊಡ್ಡ ಪರೀಕ್ಷೆಗಳಲ್ಲಿ ತೀರ್ಮಾನ ಕಾಣದೆ ಉಳಿದದ್ದು ನಿಜಕ್ಕೂ ನಷ್ಟ.

ಸಕ್ಕರೆ ಕಾಯಿಲೆಯವರೆಲ್ಲ ಬಲ್ಲ ಮೆಟ್‌ಫಾರ್ಮಿನ್ ಮೇಲೂ ಆಸೆ ಇತ್ತು. ಸಕ್ಕರೆ ಕಾಯಿಲೆಯಿಲ್ಲದ ಸ್ತನ ಕ್ಯಾನ್ಸರ್ ರೋಗಿಗಳನ್ನೇ ಆರಿಸಿಕೊಂಡು ಮೂರೂವರೆ ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಹೊರಬಂತು: ರೋಗ ಮರುಕಳಿಸುವುದನ್ನು ಅದು ತಡೆಯಲಿಲ್ಲ.

ಇನ್ನು ಬೆಲ್ಲದ ಡಬ್ಬದ ಮಾತು. ಊಟ ನಿಲ್ಲಿಸಿದರೆ ರಕ್ತದ ಗ್ಲೂಕೋಸ್ ಸೊನ್ನೆಯಾಗುವುದಿಲ್ಲ. ಯಕೃತ್ತು ಮಾಂಸಖಂಡದ ಪ್ರೋಟೀನನ್ನು ಕರಗಿಸಿಯಾದರೂ ಗ್ಲೂಕೋಸ್ ತಯಾರಿಸುತ್ತದೆ. ಗಡ್ಡೆ ಬಿಸಾಡಿದ ಲ್ಯಾಕ್ಟಿಕ್ ಆಮ್ಲವನ್ನೂ ಅದೇ ಯಕೃತ್ತು ಹೊತ್ತು ತಂದು ಮತ್ತೆ ಗ್ಲೂಕೋಸ್ ಮಾಡುತ್ತದೆ. ಈ ಚಕ್ರವನ್ನು ಬಿಡಿಸಿ ತೋರಿಸಿದವರು 1947ರ ನೊಬೆಲ್ ಪಡೆದ ಕೋರಿ ದಂಪತಿಗಳು. ಗಡ್ಡೆ 2 ಎಟಿಪಿ ಗಳಿಸಿದ್ದಕ್ಕೆ ಯಕೃತ್ತು 6 ಎಟಿಪಿ ತೆರುತ್ತದೆ. ಆ ಖರ್ಚು ರೋಗಿಯದೇ. ತೂಕ ಇಳಿದ ರೋಗಿಗೆ ಕೀಮೊ, ವಿಕಿರಣ ತಡೆಯುವುದು ಕಷ್ಟ; ಎಷ್ಟೋ ಸಲ ಚಿಕಿತ್ಸೆಯನ್ನೇ ನಡುವೆ ನಿಲ್ಲಿಸಬೇಕಾಗುತ್ತದೆ.

ಸಿದ್ಧರಬೆಟ್ಟದ ಗಿಡಮೂಲಿಕೆಯ ಮೇಲೆ ಈ ಸೀಮೆಯವರಿಗೆ ನಂಬಿಕೆ ಹೆಚ್ಚು. ಆ ನಂಬಿಕೆಯನ್ನು ಇಟ್ಟುಕೊಂಡೇ ಒಂದು ಕೋರಿಕೆ ನಡೆಸಿಕೊಡಬೇಕು. ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಚಿಕಿತ್ಸೆ ನಡೆಯುತ್ತಿದ್ದರೆ ಮುದ್ದೆ, ಬೇಳೆ, ಮೊಟ್ಟೆ, ಮಜ್ಜಿಗೆ ಹೊಟ್ಟೆ ತುಂಬ ಕೊಡಿ. ಸಕ್ಕರೆ ಕಾಯಿಲೆಯೂ ಇದ್ದರೆ ಅದರ ಮಾತ್ರೆ ತಪ್ಪಿಸಬೇಡಿ. ರೋಗಿಯ ತಟ್ಟೆಯಿಂದ ಏನನ್ನೇ ತೆಗೆಯುವ ಮುಂಚೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಒಂದು ಮಾತು ಕೇಳಿ.