ಪ್ಲಗ್ ಬಿಚ್ಚುವ ಮುನ್ನ ಗುಂಡಿ ಒಣಗಿಸಿರಿ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರದ ಅಧ್ಯಾಪಕ. ಕಳೆ, ಗೊಬ್ಬರಗಳ ವಿಷಯ ಹೇಳಬೇಕಾದವನು ಈ ದಿನ ಕಾರಿನ ಎಂಜಿನ್ನಿನ ವಿಷಯ ಹೇಳುವುದಕ್ಕೆ ಕಾರಣವಿದೆ. ಈಗ ಹಳ್ಳಿಗಳಲ್ಲಿಯೂ ಅನೇಕರ ಮನೆಯಂಗಳದಲ್ಲಿ ಕಾರು ನಿಂತಿರುತ್ತದೆ. ಅದರ ಪಕ್ಕದಲ್ಲೇ ದನಕರುಗಳೂ ಇರುತ್ತವೆ.

ಕೆಲವು ದಿನಗಳ ಹಿಂದೆ ಮಹಾಲಕ್ಷ್ಮಿ ಲೇಔಟಿನ ನನ್ನ ಮನೆಯಿಂದ ಹೆಬ್ಬಾಳದ ಕಡೆಗೆ ಹೊರಟಾಗ ಕಾರು ಜಗ್ಗಿ ಜಗ್ಗಿ ಓಡತೊಡಗಿತು. ಹಿಂತಿರುಗಿ ಬಂದು, ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಮೇಲಿನ ರಬ್ಬರ್ ಟೋಪಿ ಎಳೆದು ನೋಡಿದೆ. ಪ್ಲಗ್ ಕುಳಿತಿರುವ ಆಳವಾದ ಗುಂಡಿಯಲ್ಲಿ ಹಸಿರು ದ್ರವ ನಿಂತಿತ್ತು. ಅದೇ ಎಂಜಿನ್ನನ್ನು ತಂಪಾಗಿಡುವ ಕೂಲೆಂಟ್. ಒದ್ದೆಯ ಮೂಲಕ ವಿದ್ಯುತ್ ಸೋರಿ, ಕಿಡಿ ಸರಿಯಾಗಿ ಹಾರುತ್ತಿರಲಿಲ್ಲ. ನಾನು ಸ್ಪ್ಯಾನರ್ ಹಾಕುವಷ್ಟರಲ್ಲಿ ನಮ್ಮ ಬೀದಿಯ ಮೆಕ್ಯಾನಿಕ್ ಬಂದು, "ಬಿಚ್ಚಬೇಡಿ ಸಾರ್, ಮೊದಲು ಗುಂಡಿ ಒಣಗಿಸಿ" ಎಂದು ತಡೆದರು.

ಅವರ ಮಾತಿನಲ್ಲಿ ಶಾಸ್ತ್ರವಿದೆ. ಪ್ಲಗ್ ಬಿಚ್ಚಿದೊಡನೆ ಗುಂಡಿಯ ದ್ರವವೂ ಮಣ್ಣೂ ಸಿಲಿಂಡರಿನೊಳಕ್ಕೆ ಇಳಿಯುತ್ತವೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗದು. ಹೆಚ್ಚು ದ್ರವ ಒಳಗಿರುವಾಗ ಮತ್ತೆ ಪ್ಲಗ್ ಹಾಕಿ ಎಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಆದ್ದರಿಂದ ಈ ಕ್ರಮವನ್ನು ಅನುಸರಿಸಿರಿ.

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯಲೇಬಾರದು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿರಿ.

2. ಸಣ್ಣ ಕೊಳವೆ ಸಿಕ್ಕಿಸಿದ ಸಿರಿಂಜಿನಿಂದ ದ್ರವವನ್ನು ಹೀರಿ ತೆಗೆಯಿರಿ. ಉಳಿದದ್ದನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒರೆಸಿ, ಟೈರಿನ ಪಂಪಿನಿಂದ ಗಾಳಿ ಹೊಡೆಯಿರಿ. ಕಣ್ಣಿಗೆ ಕನ್ನಡಕವಿರಲಿ.

3. ಪ್ಲಗ್ಗನ್ನು ಮೊದಲು ಸ್ವಲ್ಪವೇ ಸಡಿಲಿಸಿ, ಮತ್ತೊಮ್ಮೆ ಗಾಳಿ ಹೊಡೆದು, ನಂತರ ಬಿಚ್ಚಿರಿ.

4. ದ್ರವ ಒಳಗೆ ಬಿದ್ದಿದೆಯೆಂಬ ಸಂಶಯ ಬಂದರೆ ಎಂಜಿನ್ ತಿರುಗಿಸದೆ ಮೆಕ್ಯಾನಿಕ್ಕನ್ನು ಕರೆಯಿರಿ.

ಇಷ್ಟು ಒರೆಸಿದರೆ ಸಾಲದು. ರೋಗ ಬಂದ ಬೆಳೆಯ ಎಲೆ ಒರೆಸಿ ಸುಮ್ಮನಿರುತ್ತೇವೆಯೇ? ಮೂಲ ಹುಡುಕಬೇಕು. ಪ್ಲಗ್ಗಿನ ಹೊರಭಾಗ ಮಾತ್ರ ಒದ್ದೆಯಾಗಿದ್ದರೆ ಸಾಮಾನ್ಯವಾಗಿ ಮೇಲಿನ ಹೋಸ್ ಪೈಪೋ ಥರ್ಮೋಸ್ಟಾಟಿನ ಗ್ಯಾಸ್ಕೆಟ್ಟೋ ಸೋರುತ್ತಿರುತ್ತದೆ. ನನ್ನ ಕಾರಿನಲ್ಲಿ ಹೋಸಿನ ಕ್ಲಿಪ್ ಸಡಿಲವಾಗಿತ್ತು. ಪ್ಲಗ್ಗಿನ ತುದಿಯೇ ಕೂಲೆಂಟಿನಿಂದ ಒದ್ದೆಯಾಗಿದ್ದು, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ ಕೆಟ್ಟಿರಬಹುದು. ಆ ಕಾರನ್ನು ಓಡಿಸಬೇಡಿರಿ. ಕಡಿಮೆಯಾದ ಕೂಲೆಂಟಿಗೆ ಬದಲಾಗಿ ಬೋರ್‌ವೆಲ್ ನೀರು ತುಂಬಿಸುವ ರೂಢಿಯೂ ಬೇಡ. ಗಡಸು ನೀರಿನ ಲವಣ ರೇಡಿಯೇಟರಿನೊಳಗೆ ಪದರ ಕಟ್ಟುತ್ತದೆ.

ಕೊನೆಯದಾಗಿ ಮುಖ್ಯವಾದ ಮಾತು. ನಾನು ತೆಗೆದ ಕೂಲೆಂಟನ್ನು ತಟ್ಟೆಯಲ್ಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಬೀದಿ ನಾಯಿಯೊಂದು ಅದಕ್ಕೆ ಮೂತಿ ಹಾಕಲು ಬಂದಿತ್ತು. ಕೂಡಲೇ ಓಡಿಸಿದೆ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಅದು ದೇಹದಲ್ಲಿ ಆಕ್ಸಲೇಟ್ ಆಗಿ ಮಾರ್ಪಟ್ಟು, ಕ್ಯಾಲ್ಸಿಯಂನೊಡನೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ನಾಯಿ, ಬೆಕ್ಕು, ದನ, ಮಕ್ಕಳು, ಯಾರಿಗೂ ಅಪಾಯ ತಪ್ಪದು. ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲದಿದ್ದರೂ ಕೂಲೆಂಟ್ ಇರುತ್ತದೆ ಎಂಬುದನ್ನು ಮರೆಯಬೇಡಿರಿ.

ತೆಗೆದ ಕೂಲೆಂಟನ್ನು ಚರಂಡಿಗೆ ಚೆಲ್ಲದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಮೇಲೆ "ವಿಷ" ಎಂದು ಬರೆದು ಗ್ಯಾರೇಜಿಗೆ ಒಪ್ಪಿಸಿರಿ. ನೆಲಕ್ಕೆ ಬಿದ್ದದ್ದನ್ನು ಮರಳಿನಿಂದ ಹೀರಿಸಿ ಬಳಿದು ತೆಗೆಯಿರಿ. ಜಾನುವಾರು ಕುಡಿದಿದ್ದರೆ ಲಕ್ಷಣ ಕಾಣಲೆಂದು ಕಾಯದೆ ಪಶುವೈದ್ಯರನ್ನು ಕರೆಯಿರಿ. ಮಗು ಕುಡಿದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಕೆಟ್ಟ ಎಂಜಿನ್ನನ್ನು ಹಣ ಕೊಟ್ಟು ಸರಿಪಡಿಸಬಹುದು. ಹೋದ ಜೀವವನ್ನು ತರಲಾಗದು.